ಲೂಸ್ ಎಂಬ ಪದಕ್ಕೆ ಬೇಕಾದ ವಾಕ್ಯಗಳು

ಜನವರಿ 11

ಪ್ರೀತಿಯ ತಮ್ಮನಿಗೆ,

ಅಕ್ಕ ಕಾಗದ ಬರೆದಿದ್ದಾಳೆ ಎಂದರೆ ಯಾರೋ ಹೋಗಿಬಿಟ್ಟಿರಬೇಕು ಎಂದು ಹೆದರಬೇಡ. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ, ನಿನ್ನ ಭಾವನ ಗೊರಕೆಯೂ ಸೇರಿದಂತೆ. ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ನಿಘಂಟು ಕಚೇರಿಯಲ್ಲಿ ಹೊಸ ಕೆಲಸ ಹಿಡಿದಿದ್ದೇವೆ. ಕನ್ನಡ ಮಾತಿನೊಳಗೆ ಬಂದು ಮನೆ ಮಾಡಿಕೊಂಡಿರುವ ಇಂಗ್ಲಿಷ್ ಪದಗಳ ನಿಘಂಟು. ಒಬ್ಬೊಬ್ಬರಿಗೆ ಒಂದೊಂದು ಪದ ಹಂಚಿದರು. ನನ್ನ ಪಾಲಿಗೆ ಬಂದದ್ದು ‘ಲೂಸ್’. ನಗಬೇಡ. ಹಂಚುವಾಗಲೇ ಕಚೇರಿಯೆಲ್ಲ ನಕ್ಕಿತು. ಮನೆಗೆ ಬಂದರೆ ನಿನ್ನ ಭಾವ, “ಸರಿಯಾದವರ ಕೈಗೇ ಸೇರ್ತು ಬಿಡು” ಎಂದರು.

ಸಡಿಲ ಎಂದು ಬರೆದು ಎರಡು ದಿನದಲ್ಲಿ ಕೈತೊಳೆದುಕೊಳ್ಳೋಣ ಅಂದುಕೊಂಡಿದ್ದೆ. ಕೂತು ನೋಡಿದರೆ ತಲೆ ತಿರುಗಿತು. ಅಂಗಿ ಲೂಸ್ ಆದರೆ ಸಡಿಲ, ಅದು ಸರಿ. ನೇಯ್ಗೆ ಲೂಸ್ ಆದರೆ ಜಾಳು. ಪ್ಯಾಕೆಟ್ಟಿನಲ್ಲಿ ಬಾರದ ಎಣ್ಣೆ ಲೂಸ್ ಎಣ್ಣೆ, ಅದನ್ನು ಸಡಿಲ ಎಣ್ಣೆ ಎನ್ನಲಾದೀತೇ? ಹೊಲಿಯದ ಹಾಳೆ ಬಿಡಿ ಹಾಳೆ. ಹೊಟ್ಟೆ ಲೂಸ್ ಆದರೆ ಭೇದಿ. ನಾಲಿಗೆ ಲೂಸ್ ಆದರೆ ಹಗುರ ಮಾತು. ತಲೆಯೇ ಲೂಸ್ ಆದರೆ ತಿಕ್ಕಲು, ಅರೆಮರುಳು, ಇನ್ನೂ ಏನೇನೋ. ಹದಿನೇಳು ಅರ್ಥ ಎಣಿಸಿದ್ದೇನೆ, ಬರುತ್ತಲೇ ಇವೆ.

ಇಲ್ಲಿಯ ನಿಯಮ ಹೇಳುತ್ತೇನೆ ಕೇಳು. ಒಂದೊಂದು ಅರ್ಥಕ್ಕೂ ಜನ ನಿಜವಾಗಿ ಆಡಿದ ಮೂರು ವಾಕ್ಯ ಬೇಕು. ಕೇಳಿಸಿಕೊಂಡವರು ತಮ್ಮ ಕೈಯಲ್ಲೇ ಬರೆದು, ಆಡಿದವರು ಏನು ಕೆಲಸದವರು, ಎಲ್ಲಿ ಆಡಿದರು, ಯಾವತ್ತು ಎಂದು ನಮೂದಿಸಿರಬೇಕು. ಫೋನಿನಲ್ಲಿ ಹೇಳಿದ್ದು ನಡೆಯುವುದಿಲ್ಲ. ಹಾಗಾಗಿ ನಿನಗೆ ಈ ಕಾಗದ.

ಲಿಫ್ಟ್ ರಿಪೇರಿಯವನಿಗೆ ಬೆಳಗಾದರೆ ನಟ್ಟು ಲೂಸು, ವೈರು ಲೂಸು. ನಿನಗಿಂತ ಈ ಪದ ಬಲ್ಲವರು ನನಗೆ ಯಾರು ಸಿಕ್ಕಾರು? ಅಲ್ಲದೆ ಈ ಪದಕ್ಕೂ ನಿನಗೂ ಹಳೆಯ ನಂಟಿದೆ. ಬೇಗ ಬರೆ.

ನಿನ್ನ ಅಕ್ಕ


ಫೆಬ್ರವರಿ 2

ಅಕ್ಕನಿಗೆ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಮೂರು ಸಲ ಉತ್ತರ ಬರೆದು ಮೂರು ಸಲವೂ ಹರಿದೆ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನಿನಗೆ ಯಾರು ಏನು ಹೇಳಿದರು? ಪ್ರಪಂಚದಲ್ಲಿ ಅಷ್ಟೊಂದು ಪದಗಳಿರುವಾಗ ಇದೇ ಪದ, ಇದೇ ಹೊತ್ತಿನಲ್ಲಿ, ನನ್ನನ್ನೇ ಹುಡುಕಿಕೊಂಡು ಬಂದದ್ದು ಹೇಗೆ? ಸುತ್ತಿ ಬಳಸಿ ಬಾಯಿ ಬಿಡಿಸುವುದು ನಿನ್ನ ಹಳೆಯ ಅಭ್ಯಾಸ, ನನಗೆ ಗೊತ್ತಿಲ್ಲದ್ದೇನಲ್ಲ.

ಯಾರೂ ಏನೂ ಹೇಳಿಲ್ಲವಾದರೆ ಮೇಲಿನದನ್ನು ಓದಲೇ ಇಲ್ಲ ಎಂದುಕೋ. ವಾಕ್ಯ ಬೇಕೆಂದೆಯಲ್ಲ, ತಗೋ.

ದರ್ಜಿ, ಅವನ ಅಂಗಡಿಯಲ್ಲಿ, ಜನವರಿ 30: “ಈಗ ಲೂಸ್ ಬಿಟ್ಟಿರ್ತೀನಿ, ದಪ್ಪ ಆದ್ಮೇಲೆ ನನ್ನೇ ನೆನೆಸ್ಕೋತೀರ.”

ದಿನಸಿ ಅಂಗಡಿಯವಳು, ಜನವರಿ 31: “ಪ್ಯಾಕೆಟ್ ಯಾಕೆ ಸಾರ್, ಲೂಸ್ ತಗೊಳ್ಳಿ, ಮಾಲು ಒಂದೇ.”

ಪಕ್ಕದ ಕೋಣೆಯವರು, ನನ್ನ ಬಗ್ಗೆ, ಗೋಡೆಯ ಆಚೆಯಿಂದ, ಇವತ್ತು ಬೆಳಿಗ್ಗೆ: “ಅವ್ನೊಬ್ಬ ಲೂಸು. ಎದ್ದಾಗಿಂದ ಹಿಂದೆ ಮುಂದೆ ಓಡಾಡ್ತಾನೇ ಇದಾನೆ.”

ಲಿಫ್ಟಿನ ವಾಕ್ಯ ಬೇಕಿದ್ದರೆ ಬೇರೆ ಯಾರನ್ನಾದರೂ ಹಿಡಿ.

ತಮ್ಮ


ಫೆಬ್ರವರಿ 9

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ತಪ್ಪು ನನ್ನದೇ. ನಿನಗೆ ಎಂಟು ವರ್ಷವಿದ್ದಾಗ ಅಲ್ಲಾಡುವ ಹಲ್ಲನ್ನು ನಾಲಿಗೆಯಲ್ಲಿ ತಳ್ಳುತ್ತಾ ಬೀದಿಯೆಲ್ಲ ಸುತ್ತುತ್ತಿದ್ದೆ. “ಹಲ್ಲೂ ಲೂಸು, ಹಲ್ಲಿನ ಯಜಮಾನನೂ ಲೂಸು” ಎಂದು ಹೆಸರಿಟ್ಟವಳು ನಾನು. ನೆಂಟರ ಮುಂದೆ, ನಿನ್ನ ಶಾಲೆಯ ಗೇಟಿನ ಹತ್ತಿರ, ಕೊನೆಗೆ ನಿನಗೆ ಮೀಸೆ ಬಂದ ಮೇಲೂ ಹಾಗೇ ಕರೆದೆ. ನಲವತ್ತೆರಡರ ವಯಸ್ಸಿನಲ್ಲೂ ಅದು ಚುಚ್ಚುತ್ತದೆ ಎಂದು ನನಗೆ ಹೊಳೆಯಲಿಲ್ಲ. ಕ್ಷಮಿಸು ಪುಟ್ಟ. ಯಾರೂ ನನಗೆ ಏನೂ ಹೇಳಿಲ್ಲ. ಹೇಳಲು ನಿನ್ನ ಊರಿನಲ್ಲಿ ನನಗೆ ಯಾರಿದ್ದಾರೆ?

ನೀನು ಕಳಿಸಿದ ಮೂರೂ ವಾಕ್ಯ ಚೀಟಿಗೇರಿದವು. ನಮ್ಮಲ್ಲಿ ಪ್ರತಿ ಚೀಟಿಯನ್ನೂ ಇಬ್ಬರು ತಾಳೆ ನೋಡಬೇಕು. ಒಬ್ಬರು ಮೂಲ ಕಾಗದ ಹಿಡಿದುಕೊಂಡು ಕೂರುತ್ತಾರೆ, ಇನ್ನೊಬ್ಬರು ಚೀಟಿಯನ್ನು ಗಟ್ಟಿಯಾಗಿ ಓದುತ್ತಾರೆ. ನನಗೆ ಜೊತೆಯಾದವರು ಬಹಳ ಹಿರಿಯರು, ಎಲ್ಲರೂ ತಾಳೆಯಮ್ಮ ಎಂದೇ ಕರೆಯುವುದು. ಅಲ್ಪವಿರಾಮ ತಪ್ಪಿದರೂ ಕನ್ನಡಕ ಕೆಳಗಿಳಿಸಿ ನೋಡುತ್ತಾರೆ. ಅಂಥವರು ನಿನ್ನ ದರ್ಜಿಯ ಮಾತು ಕೇಳಿ ನಕ್ಕರು. ನಾನು ಅವರ ನಗು ನೋಡಿದ್ದು ಹತ್ತು ವರ್ಷದಲ್ಲಿ ಅದೇ ಮೊದಲು.

ಲಿಫ್ಟಿನ ವಾಕ್ಯ ಬೇಡವೆಂದರೆ ಬೇಡ. ಬೇರೆ ಏನಾದರೂ ಬರೆ. ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.

ಅಕ್ಕ


ಫೆಬ್ರವರಿ 20

ಪ್ರೀತಿಯ ಅಕ್ಕನಿಗೆ,

ಆ ಹಲ್ಲಿನ ವಿಷಯ ನಾನು ಮರೆತೇಬಿಟ್ಟಿದ್ದೆ. ಅದಕ್ಕೆಲ್ಲ ಕ್ಷಮೆ ಕೇಳಬೇಡ, ನನಗೆ ಮುಜುಗರ. ಅವತ್ತು ತಲೆ ಸರಿ ಇರಲಿಲ್ಲ, ಬಾಯಿಗೆ ಬಂದದ್ದು ಬರೆದೆ.

ಈಗ ನೋಡು, ನಿನ್ನ ದಯದಿಂದ ನನಗೊಂದು ಹುಚ್ಚು ಹಿಡಿದಿದೆ. ಹೋದಲ್ಲೆಲ್ಲ ಕಿವಿ ನಿಮಿರಿಸಿಕೊಂಡು ಓಡಾಡುತ್ತೇನೆ. ಜೇಬಿನಲ್ಲಿ ಚೀಟಿ, ಕಿವಿಯ ಮೇಲೆ ಪೆನ್ಸಿಲು. ಒಂದು ಕಡೆ ಕೂರಲು ಹೇಗೂ ಆಗುವುದಿಲ್ಲ, ಇದಾದರೂ ಆಗಲಿ.

ಪೇಪರ್ ಹಾಕುವವನು, ಎರಡನೇ ಮಹಡಿಯ ತಿರುವಿನಲ್ಲಿ: “ಕಟ್ಟು ಲೂಸಾಗಿ ಪೇಪರೆಲ್ಲ ಕೆಳಗಿಳಿದ್ಬಿಟ್ವು, ನಾನಿನ್ನೂ ಇಲ್ಲೇ ಇದೀನಿ.”

ವಕೀಲರು, ಫೋನು ಕಿವಿಗಿಟ್ಟು ಮೆಟ್ಟಿಲಿಳಿಯುತ್ತಾ: “ಅವರ ಹತ್ರ ಲೂಸ್ ಟಾಕ್ ಬೇಡಿ ಸ್ವಾಮಿ, ಅವರು ಬರ್ಕೊಳ್ತಾರೆ.” ನಾನೂ ಬರೆದುಕೊಂಡೆ.

ಬಣ್ಣ ಹೊಡೆಯುವವರು, ಐದನೇ ಮಹಡಿ, ಏಣಿ ಹಾಕಿದಲ್ಲಿ: “ಗಾರೆನೇ ಲೂಸ್ ಬಿಟ್ಟಿದೆ. ಮೇಲೆ ಎಷ್ಟು ಬಣ್ಣ ಬಳಿದ್ರೂ ನಿಲ್ಲಲ್ಲ.”

ಕಂಬಿ ಹಿಡಿದು ಏರುತ್ತಿದ್ದ ಒಬ್ಬರು ಅಜ್ಜಿ: “ಮಂಡಿ ಲೂಸಾಗಿದೆ ಕಣಪ್ಪ, ನಿನ್ನ ಸ್ಪ್ಯಾನರ್ ಹಾಕಿ ಟೈಟ್ ಮಾಡ್ಕೊಡ್ತೀಯಾ?” ನಾನು ಅವರ ಚೀಲ ಹೊತ್ತುಕೊಂಡು ಮೇಲೆ ಬಿಟ್ಟುಬಂದೆ.

ಇನ್ನೂ ಏಳು ವಾಕ್ಯ ಬೇರೆ ಹಾಳೆಯಲ್ಲಿವೆ.

ನನ್ನ ಸುದ್ದಿ ಹೆಚ್ಚೇನಿಲ್ಲ. ನಮ್ಮ ಮೇಸ್ತ್ರಿ ಡಿಸೆಂಬರಿನಿಂದ ಮನೆಯಲ್ಲಿದ್ದಾರೆ. ಹತ್ತೊಂಬತ್ತು ವರ್ಷ ನನಗೆ ಕೆಲಸ ಕಲಿಸಿದವರು ಅಂತ ನಿನಗೆ ನೆನಪಿರಬೇಕು. ಅವರ ಚರ್ಮದ ಚೀಲ ಈಗ ನನ್ನ ಹೆಗಲಿಗೆ ಬಂದಿದೆ. ಎಲ್ಲರೂ ಇದನ್ನು ಬಡ್ತಿ ಎನ್ನುತ್ತಾರೆ. ಮೇಸ್ತ್ರಿ ಯಾಕೆ ಮನೆಯಲ್ಲಿದ್ದಾರೆ ಎಂದು ಕೇಳಬೇಡ, ವಯಸ್ಸು.

ಭಾವನಿಗೆ ನಮಸ್ಕಾರ.

ತಮ್ಮ


ಮಾರ್ಚ್ 1

ಪ್ರೀತಿಯ ತಮ್ಮನಿಗೆ,

ಹನ್ನೊಂದು ವಾಕ್ಯ! ಕಚೇರಿಯಲ್ಲಿ ನಿನ್ನ ಕಾಗದ ಮೇಜಿನಿಂದ ಮೇಜಿಗೆ ಹೋಯಿತು. ಬಣ್ಣದವರ ವಾಕ್ಯಕ್ಕೆ ಹೊಸ ಅರ್ಥವನ್ನೇ ತೆರೆಯಬೇಕಾಯಿತು. ನಾನು ತಮ್ಮನನ್ನು ಹೊಗಳಿಕೊಂಡು ಓಡಾಡುತ್ತಿದ್ದೆ, ಆಗ ತಾಳೆಯಮ್ಮ ಒಂದು ಮಾತು ಕೇಳಿದರು.

ಅವರ ಅಭ್ಯಾಸವೇ ಹಾಗೆ. ವಾಕ್ಯವನ್ನು ಬಿಟ್ಟು ಅದರ ಬುಡದಲ್ಲಿ ಬರೆದ ಜಾಗ, ತಾರೀಖು ನೋಡುತ್ತಾರೆ. ಚೀಟಿಗಳನ್ನು ಸಾಲಾಗಿ ಹರಡಿಕೊಂಡು, “ನಿಮ್ಮ ತಮ್ಮ ಲಿಫ್ಟಿನವರು ಅಂದ್ರಲ್ವಾ?” ಎಂದರು. ಹೌದು ಎಂದೆ. “ಹನ್ನೊಂದ್ರಲ್ಲಿ ಹತ್ತು ವಾಕ್ಯ ಮೆಟ್ಟಿಲ ಮೇಲೆ ಕೇಳಿದ್ದು. ಐದನೇ ಮಹಡಿ, ಏಳನೇ ಮಹಡಿ, ಎಲ್ಲಾ ನಡ್ಕೊಂಡೇ. ಅವರ್ಯಾಕಮ್ಮ ಲಿಫ್ಟ್ ಹತ್ತಲ್ಲ?”

ನಾನು ನಕ್ಕು, “ಹೊಟ್ಟೆ ಕರಗಿಸ್ತಿರಬೇಕು” ಎಂದೆ. ಅವರು ನಗಲಿಲ್ಲ. ಮನೆಗೆ ಬಂದು ನಿನ್ನ ಕಾಗದಗಳನ್ನು ಮತ್ತೆ ತೆಗೆದೆ. ಬೆಳಗಿನಿಂದ ಹಿಂದೆ ಮುಂದೆ ಓಡಾಟ. ಒಂದು ಕಡೆ ಕೂರಲಾಗುವುದಿಲ್ಲ. ಲಿಫ್ಟಿನ ಮಾತು ಬೇಡ. ನಾನು ಪದ ಆರಿಸಿಕೊಳ್ಳುವ ಭರದಲ್ಲಿ ನಿನ್ನನ್ನು ಓದಿರಲಿಲ್ಲ.

ಎದೆನೋವೇ? ಡಾಕ್ಟರು ಏನಾದರೂ ಹೇಳಿದ್ದಾರೆಯೇ? ಇಲ್ಲ ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುತ್ತದೆಯೇ? ನಮ್ಮ ಅತ್ತೆಗೆ ಹಾಗಾಗುತ್ತಿತ್ತು. ಈ ಸಲ ವಾಕ್ಯ ಬೇಡ. ನಿನ್ನ ಸುದ್ದಿ ಬರೆ.

ಅಕ್ಕ


ಮಾರ್ಚ್ 14

ತಮ್ಮಾ,

ಉತ್ತರವಿಲ್ಲ. ಫೋನು ಎತ್ತುತ್ತಿಲ್ಲ. ನನ್ನ ಜೀವದಲ್ಲಿ ಜೀವವಿಲ್ಲ. ಈ ಶನಿವಾರದೊಳಗೆ ಎರಡು ಸಾಲು ಬಾರದಿದ್ದರೆ ನಿನ್ನ ಭಾವನನ್ನು ಹೊರಡಿಸಿಕೊಂಡು ಅಲ್ಲಿಗೇ ಬರುತ್ತೇನೆ. ಅವರ ಗೊರಕೆಯ ಜೊತೆ ಒಂದೇ ಕೋಣೆಯಲ್ಲಿ ಮಲಗುವ ಯೋಗ ನಿನಗೆ ಬೇಕಿದ್ದರೆ ಸುಮ್ಮನಿರು.

ಅಕ್ಕ


ಮಾರ್ಚ್ 19

ಅಕ್ಕಾ,

ಬರಬೇಡ. ಬರೆಯುತ್ತೇನೆ. ಈ ಕಾಗದವನ್ನು ಕಚೇರಿಗೆ ತೆಗೆದುಕೊಂಡು ಹೋಗಬೇಡ.

ಲಿಫ್ಟಿನ ಪೆಟ್ಟಿಗೆ ಎರಡು ಹಳಿಗಳ ನಡುವೆ ಓಡುತ್ತದೆ. ಅದನ್ನು ಹಳಿಗೆ ಹಿಡಿದಿಡುವುದು ನಾಲ್ಕು ಶೂಗಳು. ಮೇಲೆ ಎರಡು, ಕೆಳಗೆ ಎರಡು. ಒಂದೊಂದಕ್ಕೂ ನಾಲ್ಕು ನಟ್ಟು, ಒಟ್ಟು ಹದಿನಾರು. ನಮ್ಮಲ್ಲೂ ನಿಮ್ಮ ಹಾಗೆ ಇಬ್ಬರ ನಿಯಮವಿದೆ. ಒಬ್ಬರು ನಟ್ಟು ಬಿಗಿ ಮಾಡಬೇಕು. ಇನ್ನೊಬ್ಬರು ಕೈಯಿಟ್ಟು ನೋಡಿ, ನಟ್ಟಿನ ಮೇಲಿಂದ ಪಕ್ಕದ ತಗಡಿನವರೆಗೆ ಒಂದು ಕೆಂಪು ಗೆರೆ ಎಳೆಯಬೇಕು. ನಟ್ಟು ಕೂದಲೆಳೆಯಷ್ಟು ಸರಿದರೂ ಗೆರೆ ತುಂಡಾಗಿ ಕಾಣುತ್ತದೆ. ಹಾಳೆಯಲ್ಲಿ ಎರಡು ರುಜು. ಬಿಗಿ ಮಾಡುವವರ ಜಾಗದಲ್ಲಿ ಮೇಸ್ತ್ರಿಯದು, ಗುರುತು ಹಾಕುವವನ ಜಾಗದಲ್ಲಿ ನನ್ನದು.

ನವೆಂಬರಿನ ಕೊನೆಯಲ್ಲಿ ಏಳು ಮಹಡಿಯ ಒಂದು ಕಟ್ಟಡ. ಮೇಲಿನ ಎಂಟು ನಟ್ಟು ಮೇಸ್ತ್ರಿ ಬಿಗಿ ಮಾಡಿದರು. ಕೆಳಗಿನವಕ್ಕೆ ಲಿಫ್ಟಿನ ಬುಡದ ಗುಂಡಿಗೆ ಇಳಿಯಬೇಕು. ಅವತ್ತು ಅವರ ಮಂಡಿ ಬಗ್ಗಲಿಲ್ಲ. ಕೆಲವು ದಿನ ಇಳಿಯುತ್ತಿದ್ದರು, ಕೆಲವು ದಿನ ಆಗುತ್ತಿರಲಿಲ್ಲ. “ನೀವು ಕೂತ್ಕೊಳ್ಳಿ, ನಾನು ನೋಡ್ಕೋತೀನಿ” ಎಂದು ಮೆಟ್ಟಿಲ ಮೇಲೆ ಕೂರಿಸಿದವನು ನಾನೇ. ಗುಂಡಿಗಿಳಿದರೆ ಬಣ್ಣದ ಬಾಟಲಿಯ ಮುಚ್ಚಳ ಒಡೆದಿತ್ತು. ಬಣ್ಣ ಗಟ್ಟಿಯಾಗುತ್ತಾ ಬಂದಿತ್ತು. ಇನ್ನು ಹತ್ತು ನಿಮಿಷ ಬಿಟ್ಟರೆ ಬಿಸಾಡಬೇಕು. ಸರಿ, ಮೊದಲು ಗೆರೆ ಎಳೆದುಬಿಡೋಣ, ಆಮೇಲೆ ಬಿಗಿ ಮಾಡಿ, ತುಂಡಾದ ಗೆರೆಗಳನ್ನು ನಾಳೆ ಹೊಸ ಬಾಟಲಿ ತಂದು ತಿದ್ದೋಣ ಎಂದುಕೊಂಡೆ. ಎಂಟಕ್ಕೂ ಎಳೆದೆ. ಅಷ್ಟರಲ್ಲಿ ಮೇಲಿಂದ ಕಟ್ಟಡದ ಉಸ್ತುವಾರಿಯವನು ಕೂಗಿಕೊಂಡ. ಜನ ಕಾಯ್ತಿದಾರೆ, ಎಷ್ಟೊತ್ತು, ಇದೇನು ನಿಮ್ಮಪ್ಪನ ಲಿಫ್ಟಾ ಅಂತ. ಹತ್ತಿ ಹೋಗಿ ಅವನ ಜೊತೆ ಜಗಳವಾಡಿದೆ. ತಿರುಗಿ ಇಳಿದು ಬ್ಯಾಟರಿ ಬಿಟ್ಟೆ. ಎಂಟು ಕೆಂಪು ಗೆರೆ ಅಚ್ಚುಕಟ್ಟಾಗಿ ಕಂಡವು. ಮುಗಿದಿದೆ ಎಂದು ಸ್ಪ್ಯಾನರ್ ಚೀಲಕ್ಕೆ ಹಾಕಿದೆ. ನಾನೇ ಹಾಕಿದ ಗುರುತನ್ನು ನಾನೇ ನಂಬಿದೆ ಅಕ್ಕಾ.

ಎರಡು ವಾರಕ್ಕೆ ನಟ್ಟು ಕಳಚಿತು. ಪೆಟ್ಟಿಗೆ ಹಳಿ ಬಿಟ್ಟು ವಾಲಿ, ಜೋರಾಗಿ ಕುಲುಕಿ ನಿಂತಿತು. ಒಳಗಿದ್ದವರು ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ಹೆಂಗಸು. ಕಾಲು ಎರಡು ಕಡೆ ಮುರಿಯಿತು. ಈಗ ಕೋಲೂರಿ ನಡೆಯುತ್ತಾರೆ.

ಕಂಪನಿಯವರು ಮೇಸ್ತ್ರಿಯನ್ನು ಕರೆದು ಯಾರು ಬಿಗಿ ಮಾಡಿದ್ದು ಎಂದು ಕೇಳಿದರು. ಅವರು ನನ್ನ ಕಡೆ ತಿರುಗಿಯೂ ನೋಡದೆ, “ನಾನೇ” ಎಂದರು. ನನ್ನನ್ನು ಉಳಿಸಲು ತಲೆ ಕೊಟ್ಟರು. ನಾನು ಬಾಯಿ ಬಿಡಲಿಲ್ಲ. ಅವತ್ತಿನಿಂದ ಅವರು ಮನೆಯಲ್ಲಿದ್ದಾರೆ, ಅವರ ಚೀಲ ನನ್ನ ಹತ್ತಿರವಿದೆ. ನಾನು ಯಾವ ಲಿಫ್ಟನ್ನೂ ಹತ್ತಲಾರೆ. ರಿಪೇರಿ ಮಾಡುತ್ತೇನೆ, ಹತ್ತುವುದಿಲ್ಲ.

ಕೊನೆಯ ವಿಚಾರಣೆ 27ಕ್ಕೆ. ಅವತ್ತು ತೀರ್ಮಾನ. ಏನು ಮಾಡಲಿ? ಚಿಕ್ಕಂದಿನಿಂದ ನೀನು ಹೇಳಿದ ಹಾಗೆ ಮಾಡಿದ್ದೇನೆ, ಇದನ್ನೂ ನೀನೇ ಹೇಳು.

ತಮ್ಮ


ಮಾರ್ಚ್ 23

ಪುಟ್ಟ,

ನಿನ್ನ ಕಾಗದ ಇವತ್ತು ಬಂತು, ಇವತ್ತೇ ಬರೆಯುತ್ತಿದ್ದೇನೆ. 27ರೊಳಗೆ ಮುಟ್ಟಬೇಕು.

ಸುಮ್ಮನಿರು.

ಇದನ್ನು ಹೇಳುತ್ತಿರುವವಳು ಅಲ್ಪವಿರಾಮಕ್ಕೂ ಲೆಕ್ಕ ಕೊಡುವ ಅಕ್ಕ ಎಂದು ನಿನಗೆ ಆಶ್ಚರ್ಯವಾಗಬಹುದು. ಆಗಲಿ. ಮೇಸ್ತ್ರಿ ಹೇಗೂ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಅವರಾಗಿಯೇ ಹೊತ್ತುಕೊಂಡ ಹೊರೆ ಅದು. ದೊಡ್ಡ ಮನುಷ್ಯರು. ನೀನು ಈಗ ಬಾಯಿ ಬಿಟ್ಟರೆ ಅವರು ಸುಳ್ಳು ಹೇಳಿದರು ಎಂದಾಗುತ್ತದೆ, ಅವರ ದೊಡ್ಡತನವೂ ಮಣ್ಣುಪಾಲು. ಆ ಹೆಂಗಸಿನ ಕಾಲು ನೀನು ಹೇಳಿದರೂ ಅಷ್ಟೇ, ಹೇಳದಿದ್ದರೂ ಅಷ್ಟೇ. ನಿನಗೆ ಇದೊಂದೇ ಕೆಲಸ ಗೊತ್ತು. ಕೈಬಿಟ್ಟರೆ ಎಲ್ಲಿಗೆ ಹೋಗುತ್ತೀಯ?

ನೀನು ಬೇಕೆಂದು ಮಾಡಿದ್ದಲ್ಲ. ನನಗೆ ಗೊತ್ತು. ಊಟ ಸರಿಯಾಗಿ ಮಾಡು. ಕಾಗದ ಹರಿದುಹಾಕಿದ್ದೇನೆ.

ನಿನ್ನ ಅಕ್ಕ


ಮಾರ್ಚ್ 27

ತಮ್ಮಾ,

ಹೋದ ಕಾಗದವನ್ನು ಹರಿದುಹಾಕು. ನಾನು ನಿನ್ನದನ್ನು ಹರಿದಿಲ್ಲ, ಅದೂ ಒಂದು ಸುಳ್ಳು.

ನಾಲ್ಕು ದಿನದಿಂದ ಯಾವ ಚೀಟಿಯೂ ಸಾಗುತ್ತಿಲ್ಲ. ಏಳುತ್ತೇನೆ, ಕಿಟಕಿಯವರೆಗೆ ಹೋಗುತ್ತೇನೆ, ಬಂದು ಕೂರುತ್ತೇನೆ, ಮತ್ತೆ ಏಳುತ್ತೇನೆ. ತಾಳೆಯಮ್ಮ ನನ್ನ ಪಾಲಿನ ಚೀಟಿಗಳನ್ನೂ ತಾವೇ ಎಳೆದುಕೊಂಡರು. ನಿನ್ನ ಭಾವ ಮಾತ್ರ, “ನಿನ್ನ ಪದ ನಿನಗೇ ಅಂಟಿಕೊಳ್ತಾ?” ಎಂದು ತಮಾಷೆ ಮಾಡಿ ಬೈಸಿಕೊಂಡರು.

ಯಾವತ್ತೂ ಹೇಳದ್ದೊಂದು ಹೇಳುತ್ತೇನೆ. ಅಪ್ಪನ ಕನ್ನಡಕ ನೆನಪಿದೆಯೇ? ಅಲಮಾರಿ ಹತ್ತಿ ಬೀಳಿಸಿದವನು ನೀನು. ಆರು ವರ್ಷ ನಿನಗೆ, ನಡುಗುತ್ತಿದ್ದೆ. ನಾನು ಮುಂದೆ ಬಂದು ನಾನೇ ಒಡೆದದ್ದು ಎಂದೆ. ಅಪ್ಪ ಹೊಡೆಯಲಿಲ್ಲ. ಅಂದಿನಿಂದ ನನ್ನ ಕೈಗೆ ಏನನ್ನೂ ಕೊಡದಾದರು ಅಷ್ಟೇ. ಹಾಲಿನ ಪಾತ್ರೆ, ದೀಪದ ಗಾಜು, ಕೊನೆಗೆ ಚಿಕ್ಕಮ್ಮನ ಕೂಸನ್ನು ಕೂಡ. “ಇವಳ ಕೈ ಸರಿಯಿಲ್ಲ” ಎನ್ನುತ್ತಿದ್ದರು. ಮೊದಮೊದಲು ಒಳಗೊಳಗೇ ನಗು ಬರುತ್ತಿತ್ತು. ವರ್ಷ ಕಳೆದಂತೆ ನನಗೂ ಹಾಗೇ ಅನ್ನಿಸತೊಡಗಿತು. ಈಗಲೂ ಗಾಜಿನ ಲೋಟ ಹಿಡಿದರೆ ಕೈ ಬೆವರುತ್ತದೆ. ಒಡೆದದ್ದು ನಾನಲ್ಲ ಎಂದು ಇಡೀ ಭೂಮಿಯ ಮೇಲೆ ನನಗೊಬ್ಬಳಿಗೆ ಗೊತ್ತಿತ್ತು, ಕೊನೆಗೆ ನಾನೂ ಮರೆತೆ.

ನಿನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಾನು ಅಡ್ಡ ನಿಂತದ್ದರಿಂದ ನೀನು ಹೇಳಬೇಕಾಗಿಯೇ ಬರಲಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ. ಈಗ ಮತ್ತೆ ಅಡ್ಡ ನಿಲ್ಲಲು ಬಂದೆ.

ಇವತ್ತೇ ವಿಚಾರಣೆ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಮುಗಿದಿರುತ್ತದೆ. ಫೋನು ಮಾಡಿದೆ, ಎತ್ತಲಿಲ್ಲ. ನೀನು ನನ್ನ ಮಾತು ಕೇಳದೆ ಹೇಳಿಬಿಟ್ಟಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಹೇಳಿಲ್ಲವಾದರೆ ಹೋಗಿ ಹೇಳು. ಕೆಲಸ ಹೋದರೆ ನಮ್ಮ ಮನೆ ಇದೆ. ನಾನು ಸಿಟ್ಟಾಗುವುದಿಲ್ಲ.

ಅಕ್ಕ


ಮಾರ್ಚ್ 28

ಅಕ್ಕಾ,

ನೀನು ಹೇಳಿದ ಹಾಗೇ ಮಾಡಿದೆ. ಮುಗಿಯಿತು.

ನಿನ್ನ ಕಾಗದ 26ಕ್ಕೆ ಕೈ ಸೇರಿತ್ತು. ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಹೋದೆ. ಉದ್ದನೆಯ ಮೇಜು, ಮೂವರು ಸಾಹೇಬರು, ನೀರಿನ ಜಗ್ಗು. ಕೋಲು ಹಿಡಿದ ಆ ಹೆಂಗಸು ಗೋಡೆಯ ಪಕ್ಕ ಕೂತಿದ್ದರು. ಮೇಸ್ತ್ರಿಯನ್ನು ಕೇಳಿದರು. “ಬಿಗಿ ಮಾಡಿದ್ದು ಯಾರು?” “ನಾನೇ.” “ಸರಿಯಾಗಿ ಬಿಗಿಯಾಗಿತ್ತಾ?” “ಆಗಿದೆ ಅಂದ್ಕೊಂಡಿದ್ದೆ ಸಾರ್.”

ಆಮೇಲೆ ನನ್ನ ಸರದಿ. “ಗೆರೆ ಎಳೆಯೋ ಮುಂಚೆ ಕೈಯಿಟ್ಟು ನೋಡಿದ್ರಾ?” ಎಂದರು. ಸುಮ್ಮನಿರು ಎಂದು ನೀನು ಬರೆದಿದ್ದೆ. ಪ್ರಶ್ನೆ ಕೇಳಿದರೆ ಸುಮ್ಮನಿರಲು ಆಗುವುದಿಲ್ಲ ಅಕ್ಕಾ, ಏನಾದರೂ ಹೇಳಲೇಬೇಕು. “ಮೇಸ್ತ್ರಿ ಮಾಡಿದ ಕೆಲಸನ ನಾನು ಪರೀಕ್ಷೆ ಮಾಡೋದಾ ಸಾರ್?” ಎಂದುಬಿಟ್ಟೆ. ಮೂವರೂ ತಲೆದೂಗಿದರು. ನನಗೆ ಗುರುಭಕ್ತಿ ಹೆಚ್ಚು ಎಂದುಕೊಂಡರು.

ಮೇಸ್ತ್ರಿಯ ಸರ್ಟಿಫಿಕೇಟ್ ರದ್ದಾಯಿತು. ಇನ್ನು ಅವರು ಯಾವ ಲಿಫ್ಟನ್ನೂ ಮುಟ್ಟುವಂತಿಲ್ಲ. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಉದ್ದಕ್ಕೂ ಮೇಸ್ತ್ರಿ ಮೇಜಿನ ಕೆಳಗೆ ಬಲಗೈ ಮುಷ್ಟಿ ಕಟ್ಟುವುದು, ಬಿಡಿಸುವುದು, ಕಟ್ಟುವುದು ಮಾಡುತ್ತಿದ್ದರು. ನನ್ನ ಮೇಲಿನ ಸಿಟ್ಟನ್ನು ಹಾಗೆ ಅದುಮಿಟ್ಟುಕೊಂಡಿರಬೇಕು. ಹೊರಗೆ ಬಂದ ಮೇಲೆ ನನ್ನನ್ನು ಮಾತಾಡಿಸಲಿಲ್ಲ. ನಾನೂ ಅವರ ಹತ್ತಿರ ಹೋಗಲಿಲ್ಲ.

ನೀನು ಹೇಳಿದ್ದು ಸರಿಯೇ ಇರಬೇಕು. ನನಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ತಮ್ಮ


ಏಪ್ರಿಲ್ 6

ಅಕ್ಕಾ,

ನಿನ್ನ 27ರ ಕಾಗದ ಏಪ್ರಿಲ್ ಒಂದಕ್ಕೆ ಸಿಕ್ಕಿತು. ಎರಡು ದಿನ ನಿನ್ನ ಮೇಲೆ ಕೆಂಡದಂಥ ಸಿಟ್ಟು. ಮೊದಲು ಸುಮ್ಮನಿರು ಎನ್ನುತ್ತಾಳೆ, ಎಲ್ಲ ಮುಗಿದ ಮೇಲೆ ಹೋಗಿ ಹೇಳು ಎನ್ನುತ್ತಾಳೆ, ಇವಳಿಗೇನು ಎಂದು. ಮೂರನೆಯ ದಿನ ಹೊಳೆಯಿತು. ನಾನು ನಿನ್ನನ್ನು ಕೇಳಿದ್ದೇ ನೀನು ಸುಮ್ಮನಿರು ಎನ್ನುತ್ತೀಯ ಎಂದು ಗೊತ್ತಿದ್ದರಿಂದ. ಕನ್ನಡಕ ಒಡೆದದ್ದು ನಾನು. ಇದನ್ನು ಮೂವತ್ತಾರು ವರ್ಷ ತಡವಾಗಿ ಬರೆಯುತ್ತಿದ್ದೇನೆ.

ಮೂರನೇ ತಾರೀಖು ಕಂಪನಿಗೆ ಹೋಗಿ ಸಾಹೇಬರ ಮುಂದೆ ಹೇಳಿದೆ. ಅವರು, “ಫೈಲ್ ಮುಚ್ಚಿದೀವಲ್ರೀ, ಈಗ್ಯಾಕೆ?” ಎಂದರು. ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ಬರೆದುಕೊಡಬೇಕು ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ನಿನ್ನನ್ನು ಕೇಳಿದ್ದರೆ ಚೆನ್ನಾಗಿ ತಿದ್ದಿಕೊಡುತ್ತಿದ್ದೆ, ಕೇಳಲಿಲ್ಲ. “ಕೆಳಗಿನ ಎಂಟು ನಟ್ಟುಗಳನ್ನು ಮೇಸ್ತ್ರಿಯವರು ಮುಟ್ಟಿಲ್ಲ. ಬಿಗಿ ಮಾಡಬೇಕಿದ್ದವನು ನಾನು. ಮಾಡದೆ ಗೆರೆ ಎಳೆದವನೂ ನಾನು. ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು.” ಇಷ್ಟೇ. ಚೀಲ ವಾಪಸ್ ತೆಗೆದುಕೊಂಡರು. ಮತ್ತೆ ವಿಚಾರಣೆ ಆಗುತ್ತದಂತೆ. ನನಗೆ ಕೆಲಸ ಉಳಿಯುವುದಿಲ್ಲ, ಅದು ಖಂಡಿತ. ಹೆದರಿಕೆಯಾಗುತ್ತಿದೆ ಅಕ್ಕಾ. ತುಂಬಾ.

ಆ ಹೆಂಗಸಿನ ಮನೆಗೂ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿಸಿಕೊಂಡು, “ಸರಿ, ಗೊತ್ತಾಯ್ತು. ಇನ್ನು ಬರ್ಬೇಡಿ” ಎಂದು ಬಾಗಿಲು ಹಾಕಿಕೊಂಡರು. ಅದು ಅವರ ಹಕ್ಕು.

ಕೊನೆಗೆ ನಿನ್ನೆ ಬೆಳಿಗ್ಗೆ ಮೇಸ್ತ್ರಿ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ. ದನಿ ತಗ್ಗಿಸಿ, “ಒಳಗೆ ಬನ್ನಿ. ಸ್ವಲ್ಪ ಬುದ್ಧಿ ಹೇಳಿ ಅವರಿಗೆ. ಲೋಟ ಎತ್ತೋಕೂ ಎರಡು ಕೈ ಹಾಕ್ತಾರೆ. ಡಾಕ್ಟ್ರು ಏನೂ ಇಲ್ಲ ಅಂತಾರೆ, ಇವರು ನಂಬೋದಿಲ್ಲ. ನನ್ನ ಕೈ ಸತ್ತೋಯ್ತು ಅಂತಾರೆ” ಎಂದರು. ನನಗೆ ಅರ್ಥವಾಗಲಿಲ್ಲ.

ಮೇಸ್ತ್ರಿ ಕಿಟಕಿಯ ಪಕ್ಕ ಕೂತಿದ್ದರು. ನಾನು ನಿಂತೇ ಮಾತಾಡಿದೆ. “ನನ್ನನ್ನ ಉಳಿಸೋಕೆ ನೀವು ಅಷ್ಟು ದೊಡ್ಡ ಸುಳ್ಳು ಹೇಳ್ಬಾರ್ದಿತ್ತು” ಎಂದೆ.

“ಯಾವ ಸುಳ್ಳು?” ಎಂದರು.

ಅವರು ನನ್ನನ್ನು ಉಳಿಸಿರಲಿಲ್ಲ ಅಕ್ಕಾ. ಅವರಿಗೆ ಗೊತ್ತೇ ಇರಲಿಲ್ಲ. ದಿನಕ್ಕೆ ಮೂರು ಲಿಫ್ಟು, ಯಾವ ದಿನ ಯಾವ ಗುಂಡಿಗೆ ಇಳಿದದ್ದು, ಯಾವ ದಿನ ಮೆಟ್ಟಿಲ ಮೇಲೆ ಕೂತದ್ದು ಯಾರಿಗೆ ನೆನಪಿರುತ್ತದೆ? ಹಾಳೆಯಲ್ಲಿ ಅವರ ರುಜು ಇತ್ತು. ಹಾಗಾದರೆ ನಾನೇ ಬಿಗಿ ಮಾಡಿದ್ದು, ನನ್ನ ಕೈಯಲ್ಲಿ ಶಕ್ತಿ ಹೋಗಿದೆ, ಅದಕ್ಕೇ ನಟ್ಟು ಕಳಚಿತು, ಒಬ್ಬ ಹೆಣ್ಣುಮಗಳ ಕಾಲು ಹೋಯಿತು ಎಂದು ನಂಬಿಕೊಂಡು ನಾಲ್ಕು ತಿಂಗಳಿಂದ ಹಾಗೇ ಕೂತಿದ್ದಾರೆ. ನಾನು ಅದನ್ನು ತ್ಯಾಗ ಎಂದುಕೊಂಡು ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಎಲ್ಲ ಹೇಳಿದೆ. ಬಾಟಲಿ, ಬಣ್ಣ, ಉಸ್ತುವಾರಿಯವನು, ಎಲ್ಲ. ಅವರು, “ಎಷ್ಟು ನಟ್ಟು?” ಎಂದರು.

“ಎಂಟು. ಕೆಳಗಿನವು.”

“ಮೇಲಿನವು?”

“ಅವು ನೀವು ಮಾಡಿದ್ದು.”

“ಅವು ಏನಾಗಿದ್ವು?”

“ಏನೂ ಆಗಿರ್ಲಿಲ್ಲ ಮೇಸ್ತ್ರಿ. ಅಪಘಾತ ಆದ್ಮೇಲೆ ಬಿಚ್ಚೋಕೆ ಹೋದವನು ನಾನೇ. ನಾನು ಪೂರ್ತಿ ತೂಗುಬಿದ್ದು ಎಳೆದ್ರೂ ಅಲ್ಲಾಡ್ಲಿಲ್ಲ.”

“ಎಂಟೂ?”

“ಎಂಟೂ.”

ಅವರು ಎದ್ದರು. ನಿಧಾನವಾಗಿ ನನ್ನ ಹತ್ತಿರ ಬಂದರು. ಬಂದು ಕಪಾಳಕ್ಕೆ ಒಂದು ಬಿಟ್ಟರು. ನಾನು ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆ ಹಿಡಿದುಕೊಂಡೆ. ಕಿವಿ ಗುಂಯ್ ಎಂದಿತು, ಬಾಯಲ್ಲಿ ರಕ್ತದ ರುಚಿ. ಸದ್ದು ಕೇಳಿ ಅವರ ಹೆಂಡತಿ ಒಳಗಿಂದ ಓಡಿಬಂದರು.

ಇನ್ನೊಂದು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡು ಕಾದೆ. ಬೀಳಲಿಲ್ಲ. ಕಣ್ಣು ಬಿಟ್ಟರೆ ಮೇಸ್ತ್ರಿ ನನ್ನನ್ನು ನೋಡುತ್ತಲೇ ಇರಲಿಲ್ಲ ಅಕ್ಕಾ. ತಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದುಕೊಂಡು, ಅದನ್ನೇ ನೋಡುತ್ತಾ ನಿಂತಿದ್ದರು.

ನಿನ್ನ ತಮ್ಮ